ಕಾಳು ಹೇಳಿದ ಕತೆಗೆ ಹೂಂ ಅಂದವಳು

ನೆನೆಹಾಕಿದ ಕಾಳು ಸುಮ್ಮನೆ ಉಬ್ಬುವುದಿಲ್ಲ, ಉಬ್ಬುತ್ತ ಉಬ್ಬುತ್ತ ಕನಸು ಕಾಣುತ್ತದೆ. ಈ ಮಾತು ಖರೆ ಎಂದು ಗೊತ್ತಾದ ವರ್ಷವೇ ಮಲಪ್ರಭೆಯ ದಂಡೆಯ ಬೀಜ ಪರೀಕ್ಷಾ ಕೇಂದ್ರದಲ್ಲಿ ಹೊಸದೊಂದು ನೌಕರಿ ಹುಟ್ಟಿಕೊಂಡಿತು. ಮಧ್ಯಾಹ್ನದ ಊಟ ಮುಗಿಸಿ ಮಲಗಿ ನಿದ್ದೆ ಮಾಡುವ ನೌಕರಿ.

ಅದು ಸಿಕ್ಕಿದ್ದು ಕಸ್ತೂರಿಗೆ.

"ನಮ್ಮ ಕಸ್ತೂರಿ ನಿದ್ದಿ ಮಾಡಿ ಪಗಾರ ತರತಾಳ ನೋಡ್ರಿ," ಎಂದು ಅವಳ ಓರಗಿತ್ತಿ ಮಾದೇವಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. "ನನಗೂ ಒಂದು ಜಾಗಾ ಐತೇನ ಕೇಳವಾ. ನಾ ಗೊರಕಿನೂ ಹೊಡಿತೇನಿ, ಅದಕ್ಕ ಮ್ಯಾಲೆ ಬ್ಯಾರೆ ಕೊಡ್ಲಿ!"

ಕಸ್ತೂರಿ ನಗುತ್ತಿದ್ದಳು. ಆದರೆ ಆ ನೌಕರಿಗೆ ಬಂದವರೆಲ್ಲ ಗೊರಕೆ ಹೊಡೆದೇ ವಾಪಸು ಹೋಗಿದ್ದರು. ಒಣಗಿದ ಕಾಳಿನೊಳಗೆ ನೀರು ಇಳಿಯುವಾಗ ಕೂದಲೆಳೆಗಿಂತ ಸಣ್ಣ ವಿದ್ಯುತ್ತಿನ ಮಿಡಿತ ಏಳುತ್ತದೆ. ಕಾಳಿನೊಳಗೆ ಶಿಲೀಂಧ್ರ ಅಡಗಿ ಕೂತಿದ್ದರೆ ಅದೂ ಅದೇ ನೀರು ಕುಡಿದು ಎಚ್ಚರವಾಗಿ ತನ್ನ ಮಿಡಿತ ತಾನು ಮಿಡಿಯುತ್ತದೆ. ಒಂದರ ಮೇಲೊಂದು ಬಿದ್ದ ಈ ಮಿಡಿತಗಳನ್ನು ಯಂತ್ರ ಗೆರೆಯಾಗಿ ಎಳೆಯಬಲ್ಲದು, ಬಿಡಿಸಿ ಹೇಳಲಾರದು. ನಿದ್ದೆಹೋದ ಮನುಷ್ಯನ ತಲೆ ಮಾತ್ರ ಹೊರಗಿನ ಸಣ್ಣ ಸಪ್ಪಳವನ್ನೂ ಒಳಗೆ ಕರೆದುಕೊಂಡು, ಅದಕ್ಕೊಂದು ಮುಖ, ಒಂದು ಅಂಗಿ ಕೊಟ್ಟು, ಕತೆಯ ಮಣೆಯ ಮೇಲೆ ಕೂಡಿಸಬಲ್ಲದು. ಪರೀಕ್ಷೆಗೆ ಬಂದ ಉಳಿದವರು ಎದ್ದು "ಏನೋ ಮಸಕು ಮಸಕು ಕಂಡಂಗಾತ್ರಿ" ಎಂದರು. ಕಸ್ತೂರಿ ಎದ್ದವಳೇ ಒಂದು ಮನೆ, ಅದರ ಪಡಸಾಲೆ, ಪಡಸಾಲೆಯಲ್ಲಿ ಕೂತ ಅತಿಥಿ, ಆತನ ಕಾಲಿಗಂಟಿದ ಮಸಿ ಎಲ್ಲವನ್ನೂ ಚಹಾ ಆರುವ ತನಕ ಹೇಳಿದಳು. ತಾಯಿಗಿಂತ ಹೆಚ್ಚಾಗಿ ಆಯಿಯ, ಅಂದರೆ ಅಜ್ಜಿಯ, ತೊಡೆಯ ಮೇಲೆ ಬೆಳೆದವಳು ಅವಳು. ಆಯಿಯ ಕತೆಗಳಲ್ಲಿ ಕುಂಬಳಕಾಯಿ ಮದುವೆಯಾಗುತ್ತಿತ್ತು, ಒರಳುಕಲ್ಲು ತವರಿಗೆ ಹೋಗುತ್ತಿತ್ತು. ಕಾಳಿನೊಳಗೊಂದು ಮನೆ ಇರುವುದು ಕಸ್ತೂರಿಗೆ ಸೋಜಿಗವೇ ಅಲ್ಲ.

ಹಾಗೆ ಒಂದೊಂದು ರೋಗಕ್ಕೆ ಒಂದೊಂದು ಮುಖವಾಯಿತು. ಬಿರುಬಿಸಿಲಿನ ವರ್ಷ ಗಿಡದ ಬುಡ ಕಪ್ಪಾಗಿಸುವ ಶಿಲೀಂಧ್ರ ಅವಳ ಕನಸಿಗೆ ಇದ್ದಿಲು ಮಾರುವವನಾಗಿ ಬರುತ್ತಿತ್ತು. ಸೋಯಾ ಕಾಳಿನ ಮೇಲೆ ನೇರಳೆ ಕಲೆ ಹಚ್ಚುವುದು ನೇರಳೆ ಸೀರೆಯ ಹೆಂಗಸಾಗಿ ಬರುತ್ತಿತ್ತು. ಇನ್ನು ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಕಾಯಿಯೊಳಗೆ ನುಸುಳಿ, ಕಾಳನ್ನು ಸುಣ್ಣದ ಹರಳಿನಂತೆ ಬೆಳ್ಳಗೆ, ಹಗುರ ಮಾಡಿ ಸೀಳುವ ಆ ಬಿಳಿ ಬೂಷ್ಟು? ಅದು ತಲೆಗೆ ಬಿಳಿ ಪಟಗ ಸುತ್ತಿದ, ಮಾತಿನಲ್ಲಿ ಜೇನು ಸುರಿಸುವ ಕತೆಗಾರ. ಯಾವ ಕಾಳಿನ ಮನೆಯಲ್ಲಿ ಯಾರು ಕೂತಿದ್ದರು ಎಂದು ಕಸ್ತೂರಿ ಎದ್ದು ಹೇಳಿದರೆ ಆ ಕಾಳನ್ನು ಹಾಗೆಯೇ ವಿಂಗಡಿಸುತ್ತಿದ್ದರು. ಅವಳ ಮಾತು ತಪ್ಪಿದ್ದು ಕಡಿಮೆ.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಜಬೀನ್ ನದಾಫ್. ತಲೆಗೂದಲು ಕಪ್ಪಿದ್ದಾಗ ಒಂದು ಸೋಯಾ ತಳಿ ಕಟ್ಟಲು ಕೂತವರು, ಅದು ಕೈಗೆ ಬರುವ ಹೊತ್ತಿಗೆ ಗೋರಂಟಿ ಹಚ್ಚುವಂತಾಗಿದ್ದರು. ಕಾಳಿನ ಕಣ್ಣು ಬೂದಿ ಬಣ್ಣದ್ದಾದ್ದರಿಂದ ಜನ ಅದನ್ನು ಬೂದಿಗಣ್ಣು ಎಂದು ಕರೆದರು. ಈಗಿನ ಮಳೆ ಬಂದರೆ ಒಂದೇ ಸಲ ಬಂದು ಹೊಲದಲ್ಲಿ ಕೆರೆ ಕಟ್ಟುತ್ತದೆ. ಬೇರೆ ಸೋಯಾ ಅದರಲ್ಲಿ ಉಸಿರುಗಟ್ಟಿ ಹಳದಿಯಾಗುತ್ತದೆ. ಬೂದಿಗಣ್ಣು ಮಾತ್ರ ಮೊಣಕಾಲು ನೀರಿನಲ್ಲಿ ನಿಂತು, ನೀರಿಳಿದ ಮೇಲೆ ಏನೂ ಆಗಿಲ್ಲವೆಂಬಂತೆ ಹೂ ಬಿಡುತ್ತದೆ. ನದಿಯ ಎರಡೂ ದಂಡೆಯ ಊರುಗಳು ಹಿಟ್ಟಿಗೆ, ಎಣ್ಣೆಗೆ, ಹಾಲಿಗೆ ಅದನ್ನೇ ನಂಬಿದ್ದವು.

ಹೋದ ಸುಗ್ಗಿಯಲ್ಲಿ ಬೂದಿಗಣ್ಣಿನ ಕಾಯಿ ಬಲಿತು ಗಿಡದ ಮೇಲೆ ಗಿಲಿಗಿಲಿ ಅನ್ನುವಾಗ ಮಳೆ ಹಿಡಿಯಿತು. ಬಿಡಲೇ ಇಲ್ಲ. ಬೀಜದ ಹೊಲಗಳಲ್ಲೆಲ್ಲ ಕಾಯಿಯೊಳಗೇ ಕಾಳು ಬೆಳ್ಳಗಾಯಿತು. ಗಾಣಕ್ಕೆ ಹಾಕಿದರೆ ಎಣ್ಣೆ ಹುಳಿ, ಹಿಟ್ಟು ಬೀಸಿದರೆ ಮುಗ್ಗಲು ವಾಸನೆ. ಈ ಸಲದ ಬೂಷ್ಟು ಔಷಧಿಗೂ ಜಗ್ಗದ ಹೊಸ ಜಾತಿಯದು. ಬಿಸಿನೀರಿನಲ್ಲಿ ಅದ್ದೋಣವೆಂದರೆ ಸೋಯಾದ ಸಿಪ್ಪೆ ತೆಳು, ಒಡೆದೇ ಹೋಗುತ್ತದೆ. ಆರಿಸಿ ಆರಿಸಿ ಕೊನೆಗೆ ಉಳಿದದ್ದು ಎರಡು ಡಬ್ಬಿ ಕಾಳು. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಸೋಯಾ ಬೀಜದ ಜೀವ ಮೊದಲೇ ಅಲ್ಪ, ಮಳೆ ತಿಂದ ಬೀಜದ್ದಂತೂ ಈ ಬಿತ್ತನೆ ದಾಟುವುದಿಲ್ಲ. ಈ ಎರಡು ಡಬ್ಬಿಯಲ್ಲಿ ಮೊಳಕೆ ಎದ್ದರೆ ಬೂದಿಗಣ್ಣು ಭೂಮಿಯ ಮೇಲಿರುತ್ತದೆ. ಇಲ್ಲವೆಂದರೆ ಇಲ್ಲ.

"ಯಾವ ಕಾಳು ಗಟ್ಟಿ ಅದಾವ ಅಷ್ಟ ಹೇಳವಾ," ಎಂದರು ಜಬೀನ್ ಮೇಡಂ, ಮೊದಲನೆಯ ಡಬ್ಬಿಯನ್ನು ತಮ್ಮ ಕೈಯಾರೆ ನೆನೆಹಾಕುತ್ತ. "ಅವನ್ನ ಬ್ಯಾರೆ ಮಾಡಿ ಮರಳಿಗೆ ಹಾಕೋಣ."

ಕನಸಿನ ಕೋಣೆ ಎಂದರೆ ದೊಡ್ಡದೇನಲ್ಲ. ಮಲಗಲು ಹುರಿಯ ಒಂದು ಹೊರಸು, ಕಿಟಕಿಗೆ ನೀಲಿ ಪರದೆ. ತಂತಿಗಳು ಗಿಡ್ಡವಾದ್ದರಿಂದ ಕಾಳು ನೆನೆಸಿದ ಅಗಲ ತಾಮ್ರದ ಪರಾತವನ್ನು ಹೊರಸಿನ ತಲೆಯ ಕಡೆ ಬಡಿದ ಹಲಗೆಯ ಮೇಲೇ ಇಡುತ್ತಿದ್ದರು. ಯಂತ್ರ ನೋಡಿಕೊಳ್ಳುವ ಗುರುಪಾದ ಕಮ್ಮಾರ ಪರಾತದಿಂದ ಬಂದ ತಂತಿಗಳ ಟೊಪ್ಪಿಗೆಯನ್ನು ಅವಳ ತಲೆಗೆ ಕಟ್ಟಿ, ಪಕ್ಕದ ಗಾಜಿನ ಕೋಣೆಗೆ ಹೋಗಿ ಕೂಡುತ್ತಿದ್ದ.

"ಕಸ್ತೂರಕ್ಕ, ನಿದ್ದ್ಯಾಗ ಯಾರ ಕೂಡ ಮಾತಾಡತಿ ನೀ? ತುಟಿ ಮಿಸುಕತಾವು," ಎಂದ ಅಂದು.

"ನಿನ್ನ ಬೈತೇನಿ. ಪರದಿ ಎಳಿ, ಬಿಸಿಲ ಬಡಿತೈತಿ."

ಕಣ್ಣು ಮುಚ್ಚಿದಳು. ಊಟದ ಮೊಸರನ್ನ ಮೆಲ್ಲಗೆ ಮೈಯೆಲ್ಲ ಹರಡಿತು. ಕಿವಿಯ ಹತ್ತಿರ ಕಾಳುಗಳು ನೀರು ಹೀರುವ ಸುಯ್ಯೆಂಬ ಸದ್ದು ದೂರದ ಹೊಳೆಯಾಯಿತು. ಹೊಳೆಯ ಆಚೆ ಸಾಲು ಸಾಲು ಮನೆಗಳು, ಹಾಲು ಬಣ್ಣದ ಗೋಡೆ, ಪ್ರತಿ ಮನೆಯ ಒಳಗೂ ತೊಟ್ಟಿಲು, ತೊಟ್ಟಿಲ ಮೇಲಿನ ಗೂಡಿನಲ್ಲಿ ಎಣ್ಣೆಯ ದೀಪ. ಬಿಳಿ ಪಟಗದವನು ಒಂದು ಮನೆಯ ಪಡಸಾಲೆಯಲ್ಲಿ ಕೂತು ಅವಳನ್ನೇ ಕಾಯುತ್ತಿದ್ದವನಂತೆ ಕತೆ ತೆಗೆದ.

ಹೊಳೆಯ ತಳದಲ್ಲೊಂದು ಊರಂತೆ. ಅಲ್ಲಿ ದೀಪಕ್ಕೆ ಎಣ್ಣೆ ಬೇಡವಂತೆ, ಮೀನಿನ ಕಣ್ಣೇ ದೀಪ. ಆ ಊರ ಗೌಡನ ಮಗಳಿಗೆ ನೆರಳಿರಲಿಲ್ಲ. ನೀರೊಳಗೆ ಯಾರಿಗಿರುತ್ತದೆ? ಒಂದು ದಿನ ಅವಳು ಮೇಲೆ ಬಂದು ದಂಡೆಯ ಮೇಲೆ ನೆರಳಿರುವವರನ್ನು ಕಂಡು ಆಸೆಪಟ್ಟಳು. ಮನೆ ಮನೆಗೆ ಹೋಗಿ ಕೇಳಿದಳು. ಹುಣಸೆಮರ ತನ್ನ ನೆರಳು ಕೊಟ್ಟಿತು, ಹೊದ್ದುಕೊಂಡರೆ ಊರೇ ಮುಚ್ಚಿಹೋಯಿತು. ಎತ್ತು ಕೊಟ್ಟಿತು, ಹಾಕಿಕೊಂಡರೆ ತಲೆಯ ಮೇಲೆ ಕೋಡು...

ಕಸ್ತೂರಿ ಮೈಮರೆತು ಕೇಳಿದಳು. ಆಯಿಯೂ ಇಂಥ ಕತೆ ಹೇಳಿರಲಿಲ್ಲ. ಗೂಡಿನ ದೀಪದಲ್ಲಿ ಎಣ್ಣೆ ಇಳಿಯುತ್ತಿತ್ತು. ಹಾಲು ಬಣ್ಣದ ಗೋಡೆ ಸುಣ್ಣದಂತೆ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಅವಳು ಅದನ್ನು ನೋಡಿದಳು, ಕತೆಯ ಅಲಂಕಾರವೆಂದುಕೊಂಡಳು.

ಎದ್ದು, "ಹತ್ತರಾಗ ಒಂದು ಮನ್ಯಾಗ ಬಿಳಿ ಪಟಗದಾಂವ ಇದ್ದಾನ್ರಿ, ಉಳಿದವು ಗಟ್ಟಿ," ಎಂದಳು. ಗಟ್ಟಿ ಕಾಳುಗಳನ್ನು ಮರಳಿನ ತಟ್ಟೆಗೆ ಹಾಕಿದರು. ದಿನ ಕಳೆದವು. ಒಂದೂ ತಲೆ ಎತ್ತಲಿಲ್ಲ. ಮೇಡಂ ಚಿಮಟಿಗೆಯಿಂದ ಮರಳು ಸರಿಸಿದರೆ ಒಳಗೆ ಅರಳೆಯ ಉಂಡೆಗಳು. ಎಲ್ಲಕ್ಕೂ ಬಿಳಿ ಬೂಷ್ಟು ಹತ್ತಿತ್ತು.

ಕಸ್ತೂರಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಡಂ ಎರಡನೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟುಕೊಂಡು ಅದರ ಮುಚ್ಚಳದ ಮೇಲೆ ಅಂಗೈ ಊರಿ ಕೂತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿದಂತೆ.

"ಕನಸು ಸುಳ್ಳಾತೇನ್ರಿ?" ಎಂದಳು ಕಸ್ತೂರಿ.

"ಕನಸು ಸುಳ್ಳಲ್ಲ," ಎಂದ ಗಾಜಿನ ಕೋಣೆಯಿಂದ ಗುರುಪಾದ. ಅವನು ಅಂದಿನ ಗೆರೆಗಳನ್ನು ಪರದೆಯ ಮೇಲೆ ಎಳೆದು ನೋಡುತ್ತಿದ್ದ. "ಶುರುವಿನಾಗ ಬೂಷ್ಟಿನ ಮಿಡಿತ ಖರೇನ ಹತ್ತರಾಗ ಒಂದರಾಗ ಐತಿ. ಬರ್ತ ಬರ್ತ ಎಲ್ಲಾದರಾಗೂ ಎದ್ದೈತಿ. ಮತ್ತ ಇಲ್ಲೆ ನೋಡ್ರಿ. ಬೂಷ್ಟು ಒಮ್ಮೆ ಮಿಡದ ಕೂಡಲೇ ಇನ್ನೊಂದು ಸಣ್ಣ ಉಬ್ಬು. ಇದು ಕಾಳಿಂದಲ್ಲ, ಬೂಷ್ಟಿಂದೂ ಅಲ್ಲ. ಯಾರೋ ಅದಕ್ಕ ಜವಾಬು ಕೊಟ್ಟಂಗ ಐತಿ."

"ಯಾರು?"

"ಅದ ತಿಳಿವಲ್ದು. ತಂತ್ಯಾಗ ಹೋಗೂದು ಒಂದ ದಾರಿ. ಅಕ್ಕನ ತಲಿಯಿಂದ ಕಾಳಿಗೆ ಏನೂ ಹೋಗೂದಿಲ್ಲ."

ಸಂಜೆ ಮನೆಗೆ ಹೋದಾಗ ಮಾದೇವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟಿಗೆ ಮುಷ್ಟಿ ಸೋಯಾ ಹಿಟ್ಟು ಕಲಸುವುದು ಅವರ ಮನೆಯ ರೂಢಿ. ಈ ಸಲದ ಹಿಟ್ಟು ಕಹಿ ಎಂದು ಅವಳು ಮೂಗು ಮುರಿದಿದ್ದಳು. ಕಸ್ತೂರಿಯ ಮುಖ ನೋಡಿ ಏನಾಯಿತೆಂದು ಕೇಳಲಿಲ್ಲ. "ಬಾ, ಕುಂದರ. ನಿನ್ನ ಆ ನೆರಳಿಲ್ಲದ ಹುಡುಗಿ ಕತಿ ಅರ್ಧಾ ಹೇಳಿ ಬಿಟ್ಟಿಯಲ್ಲ, ಮುಂದ ಹೇಳ. ಕೈ ಹೆಂಗೂ ಬಡಿತಿರತಾವು, ಕಿವಿ ಖಾಲಿ ಅದಾವು."

ಕಸ್ತೂರಿ ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಎತ್ತಿನ ನೆರಳು ಒಪ್ಪಲಿಲ್ಲಂತ ವಾಪಸ ಕೊಟ್ಲು."

"ಹೂಂ," ಎಂದಳು ಮಾದೇವಿ. ಪಟ್ ಪಟ್ ಪಟ್.

"ಆಮ್ಯಾಲೆ ಕುಂಬಾರನ ಕಡೆ ಹೋದ್ಲು. ಆಂವ ಹಸೀ ಮಣ್ಣಿನ ನೆರಳು ಮಾಡಿ ಕೊಟ್ಟ."

"ಹೂಂ." ಪಟ್ ಪಟ್.

"ಅದನ್ನ ಹಾಕ್ಕೊಂಡು ಬಿಸಿಲಾಗ ನಡದ್ಲು. ನಡದಂಗ ನಡದಂಗ ಅದು ಒಣಗಿ ಬಿರಿಬಿಟ್ಟು..."

ಹಂಚಿನ ಮೇಲಿನ ರೊಟ್ಟಿಯ ಅಂಚು ಹೊಗೆಯಾಡಿತು. ಮಾದೇವಿ "ಅಯ್ಯ ನನ್ನ ಶಿವನ!" ಎಂದು ಬಟ್ಟೆ ಹಿಡಿದು ತಿರುವಿದಳು, ಊದಿದಳು, ಕರಿದಾದಷ್ಟನ್ನು ಕಿತ್ತಳು. ರೊಟ್ಟಿ ಉಬ್ಬಿ ಬುಟ್ಟಿಗೆ ಬಿದ್ದ ಮೇಲೆ ತಿರುಗಿ ನೋಡಿದರೆ ಕಸ್ತೂರಿ ಬಾಯಿ ತೆರೆದವಳು ತೆರೆದಂತೆಯೇ ಕೂತಿದ್ದಾಳೆ.

"ಯಾಕ, ನಿಂತ್ಯಾಕ? ಬಿರಿಬಿಟ್ಟು ಮುಂದೇನಾತು?"

"ನೀ ಹೂಂ ಅನಲಿಲ್ಲ."

"ಹೂಂ ಅನದಿದ್ರ ನಿನ್ನ ಬಾಯಿ ಕಚ್ಚತೈತೇನ?"

"ಕಚ್ಚತೈತಿ," ಎಂದಳು ಕಸ್ತೂರಿ ಮೆಲ್ಲಗೆ. ಆಯಿ ಅದೇ ಹೇಳುತ್ತಿದ್ದಳು. ಹೂಂ ಎನ್ನುವುದು ಕತೆಯ ಎತ್ತಿಗೆ ಹಾಕುವ ಮೇವು. ಮೇವು ತಪ್ಪಿದರೆ ಎತ್ತು ನಡುದಾರಿಯಲ್ಲಿ ಮಲಗುತ್ತದೆ. ಅದಕ್ಕೇ ಕತೆ ಕೇಳುವ ಮನೆಯಲ್ಲಿ ಒಬ್ಬರಾದರೂ ಹೂಂಗುಟ್ಟಲೇಬೇಕು. ಆಯಿಯ ತೊಡೆಯ ಮೇಲೆ ಕಸ್ತೂರಿ ನಿದ್ದೆ ಹೋದ ಮೇಲೂ ಹೂಂ ಅನ್ನುತ್ತಿದ್ದಳಂತೆ. ಅದನ್ನು ಹೇಳಿ ಹೇಳಿ ಮನೆಮಂದಿ ನಗುತ್ತಿದ್ದರು.

ನಿದ್ದೆ ಹೋದ ಮೇಲೂ. ಬಿಳಿ ಪಟಗದವನ ಪ್ರತಿ ಮಾತಿಗೂ ಅವಳು ಹೂಂ ಎಂದಿದ್ದಾಳೆ. ಇಡೀ ಮಧ್ಯಾಹ್ನ.

ಮರುದಿನ ಅವಳು ಹೇಳಿದ್ದನ್ನು ಕೇಳಿ ಗುರುಪಾದ ನಕ್ಕುಬಿಟ್ಟ. ಆಮೇಲೆ ನಗು ನಿಲ್ಲಿಸಿ, "ಮಲಕೋ ನೋಡೋಣ," ಎಂದ. ಸಾದಾ ಹೆಸರುಕಾಳು ನೆನೆಹಾಕಿ ಟೊಪ್ಪಿಗೆ ಕಟ್ಟಿ, ಅವಳು ನಿದ್ದೆ ಹೋದ ಮೇಲೆ ಹೊರಸಿನ ಕಾಲಿಗೆ ಅಂಗೈ ಹಚ್ಚಿ ಕೂತ. ಅವಳ ಗಂಟಲಿನಿಂದ ಎದ್ದ ಹೂಂಕಾರ ಎದೆಗೂಡಿನಿಂದ ಹೊರಸಿನ ಹುರಿಗೆ, ಹುರಿಯಿಂದ ಕಟ್ಟಿಗೆಗೆ, ಅಲ್ಲಿಂದ ಹಲಗೆಯ ಮೇಲಿನ ಪರಾತಕ್ಕೆ ಇಳಿಯುತ್ತಿತ್ತು. ಪರಾತದ ನೀರಿನಲ್ಲಿ ಉಗುರು ಗೀರಿದಂಥ ಸಣ್ಣ ಅಲೆ ಏಳುತ್ತಿತ್ತು. ತಂತಿಯ ದಾರಿ ಒಂದೇ ಕಡೆಗೆ ಇರಬಹುದು, ಕಟ್ಟಿಗೆಯ ದಾರಿಗೆ ಅಂಥ ಕಟ್ಟಳೆಯಿಲ್ಲ.

"ಮೇಡಂರ, ಇಲ್ಲೆ ಬಂದು ಕೈ ಹಚ್ಚರಿ," ಎಂದು ಪಿಸುಗುಟ್ಟಿದ.

ಜಬೀನ್ ಮೇಡಂ ಹೊರಸಿನ ಕಾಲು ಮುಟ್ಟಿ ತುಂಬಾ ಹೊತ್ತು ಕಣ್ಣು ಮುಚ್ಚಿದ್ದರು. ಕಸ್ತೂರಿ ಎದ್ದ ಮೇಲೆ ಹೇಳಿದರು: "ತೊಟ್ಟಿಲ ತೂಗಿದಂಗ ಐತಿ ಇದು. ಅದು ಮಿಡಿಯೂದು, ನೀ ಹೂಂ ಅನ್ನೂದು, ಮತ್ತ ಅದು ಇನ್ನಷ್ಟು ಜೋರ ಮಿಡಿಯೂದು. ಸರಿಯಾದ ಹೊತ್ತಿಗೆ ಕೈ ಹಚ್ಚಿದರ ದೊಡ್ಡ ತೊಟ್ಟಿಲನೂ ಒಂದ ಬೆರಳಿಲೇ ತೂಗಬಹುದು. ನೀ ಬೂಷ್ಟಿನ ತೊಟ್ಟಿಲ ತೂಗಿದಿ, ಕಸ್ತೂರಿ."

ಕಸ್ತೂರಿ ಟೊಪ್ಪಿಗೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. "ಹಂಗಾದ್ರ ನಾ ಮಲಗೂದ ಬ್ಯಾಡ್ರಿ. ಎರಡನೇ ಡಬ್ಬಿ ಸೀದಾ ಮರಳಿಗೆ ಹಾಕ್ರಿ."

ಒಂದು ಹಿಡಿ ಹಾಕಿ ನೋಡಿದರು. ಯಾರೂ ಮಲಗಲಿಲ್ಲ, ಯಾರೂ ಹೂಂ ಅನ್ನಲಿಲ್ಲ. ಆದರೂ ಬಿಳಿ ಬೂಷ್ಟು ತನ್ನ ಪಾಡಿಗೆ ತಾನು, ಅವಸರವಿಲ್ಲದೆ, ಒಂದೊಂದೇ ಕಾಳನ್ನು ತಿಂದು ಮುಗಿಸಿತು. ಅದಕ್ಕೆ ಕಸ್ತೂರಿಯ ಮೇವು ಸಿಕ್ಕರೆ ಓಡುತ್ತಿತ್ತು, ಸಿಗದಿದ್ದರೆ ನಡೆಯುತ್ತಿತ್ತು. ಮುಟ್ಟುವ ಊರು ಒಂದೇ.

ಅಂದು ಜಬೀನ್ ಮೇಡಂ ಉಳಿದ ಕಾಳನ್ನು ಬಿಳಿ ತಟ್ಟೆಯಲ್ಲಿ ಸುರುವಿಕೊಂಡು ಕಿಟಕಿಯ ಬೆಳಕಿಗೆ ಕೂತರು. ಅವರ ಬೆರಳು ಒಂದು ಕಾಳನ್ನು ಪಕ್ಕಕ್ಕೆ ದಬ್ಬಿತು, ಮತ್ತೊಂದನ್ನು ದಬ್ಬಿತು. ಅವೆಲ್ಲ ನೇರಳೆ ಕಲೆಯ ಕಾಳು.

"ನನ್ನ ಜಿಂದಗಿ ಇದರಾಗ ಹೋಗೇತಿ ನೋಡ," ಎಂದರು. "ನೇರಳೆ ಕಂಡ್ರ ಕೈ ತಾನಾಗೇ ತಗದ ಒಗಿತೈತಿ. ಕಲಿ ಬರೇ ಮ್ಯಾಲ ಮ್ಯಾಲ, ಮೊಳಕಿಗೆ ಅಷ್ಟೇನೂ ಧಕ್ಕಿ ಇಲ್ಲ. ಆದ್ರೂ ಹಿಟ್ಟಿನ ಬಣ್ಣ ಕೆಡತೈತಿ, ಪ್ಯಾಟ್ಯಾಗ ಯಾರೂ ಮುಟ್ಟೂದಿಲ್ಲ. ಹಂಗಂತ ಬೂದಿಗಣ್ಣಿನ ಮೈಮ್ಯಾಲ ಒಂದ ಚುಕ್ಕಿ ಇರಬಾರದು ಅಂತ ಹಟ ಹಿಡದೆ. ಈ ಸಲ ಕಾಳು ಕಡಿಮಿ ಅಂತ ಇವನ್ನ ಬಿಟ್ಟಿದ್ದೆ."

ಮತ್ತೆ ಒಂದು ನೇರಳೆ ಕಾಳನ್ನು ಬೆರಳ ತುದಿಗೆ ಅಂಟಿಸಿಕೊಂಡು ನೋಡಿದರು. "ಒಂದ ಮಾತು ನಾ ಓದೂ ಮುಂದ ಕೇಳಿದ್ದು. ನೇರಳೆ ಮೊದಲ ಹೊಕ್ಕ ಕಾಳಿನಾಗ ಬಿಳಿ ಬೂಷ್ಟಿಗೆ ಜಾಗಾ ಸಿಗೂದು ಕಡಿಮಿ ಅಂತ. ಇಬ್ಬರಿಗೂ ಒಂದ ಮನ್ಯಾಗ ಕೂಡಿ ಬರೂದಿಲ್ಲ. ನಾ ಅದರ ಹಿಂದ ಹೋಗಲಿಲ್ಲ. ನನಗ ಎರಡೂ ಬ್ಯಾಡಾಗಿತ್ತು." ಕಾಳನ್ನು ತಟ್ಟೆಗೆ ಇಳಿಸಿ ಕೇಳಿದರು: "ಕಸ್ತೂರಿ, ನಿನ್ನ ಕನಸಿನಾಗ ಆ ನೇರಳೆ ಸೀರಿಯಾಕಿ ಏನ ಮಾಡತಾಳ?"

"ಆಕಿನೂ ಕತಿ ಹೇಳತಾಳ್ರಿ," ಎಂದಳು ಕಸ್ತೂರಿ, ಮುಖ ಕಿವುಚಿ. "ಆದ್ರ ಅದನ್ನ ಕತಿ ಅನ್ನಾಕ ಬರೂದಿಲ್ರಿ. ಸೀರಿ ಬಣ್ಣ ಬಿಡ್ತು ಅಂತಾಳ, ನಾದಿನಿ ಬಳಿ ಕೊಡಲಿಲ್ಲ ಅಂತಾಳ, ಸೊಂಟ ನೋವು ಅಂತಾಳ. ಮತ್ತ ಸೀರಿಗೇ ಬರತಾಳ. ಕೇಳಿದ್ರ ತಲಿ ಚಿಟ್ಟ ಹಿಡಿತೈತಿ. ನಾ ಆಕಿಗೆ ಒಮ್ಮೆನೂ ಹೂಂ ಅಂದಿಲ್ಲ."

ಗುರುಪಾದ ಗಾಜಿನ ಕೋಣೆಯಿಂದ ಕತ್ತು ಹೊರಗೆ ಹಾಕಿದ. ಮೇಡಂ ಅವನನ್ನು ನೋಡಿದರು, ಅವನು ಕಸ್ತೂರಿಯನ್ನು ನೋಡಿದ.

"ನಾಳಿಗೆ ಆಕಿಗೆ ಹೂಂ ಅನ್ನು," ಎಂದರು ಜಬೀನ್ ಮೇಡಂ. "ಬಣ್ಣ ಮುಂದಿನ ಬೆಳಿಯಾಗ ತೊಳಿಯೋಣ. ಈಗ ಜೀವ ಉಳೀಲಿ."

ಮರುದಿನ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ನೆನೆಹಾಕಿದರು. ಹಿಂದೆ ಏನೂ ಉಳಿಸಿಕೊಳ್ಳಲಿಲ್ಲ. ನೇರಳೆ ಕಾಳುಗಳನ್ನು ನಡು ನಡುವೆ, ಮನೆ ಮನೆಗೆ ನೆರೆಯಾಗುವಂತೆ, ಮೇಡಂ ತಾವೇ ಜೋಡಿಸಿದರು. ಕಸ್ತೂರಿ ಹೊರಸಿನ ಮೇಲೆ ಅಡ್ಡಾಗಿ, ನಿದ್ದೆಗೆ ಇಳಿಯುವ ತನಕ ಒಂದೇ ಮಾತು ಮಣಮಣ ಹೇಳಿಕೊಂಡಳು: ಸೀರೆಯವಳಿಗೆ ಹೂಂ, ಪಟಗದವನಿಗೆ ಇಲ್ಲ.

ಸುಯ್ಯೆಂಬ ಹೊಳೆ. ಹಾಲು ಬಣ್ಣದ ಮನೆಗಳು. ತೊಟ್ಟಿಲುಗಳು ಇನ್ನೂ ತೂಗುತ್ತಿರಲಿಲ್ಲ.

ಪಡಸಾಲೆಯಲ್ಲಿ ಇಬ್ಬರೂ ಇದ್ದರು. ನೇರಳೆ ಸೀರೆಯವಳು ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಯಾರೂ ಕೇಳದಿದ್ದರೂ ಶುರುಮಾಡಿದ್ದಳು. "ಏನ ಹೇಳಲೆವ್ವಾ, ಈ ಸೀರಿ ಮೊದಲ ಸಲ ಒಗದಾಗ..."

"ಹೂಂ," ಎಂದಳು ಕಸ್ತೂರಿ.

ಆ ಹೆಂಗಸು ಬೆಚ್ಚಿದಳು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಹೂಂ ಎಂದಿರಲಿಲ್ಲವೇನೋ. ಕಣ್ಣು ದೊಡ್ಡದು ಮಾಡಿ ಕಸ್ತೂರಿಯನ್ನು ನೋಡಿ, ಕಾಲು ಮಡಚಿ, ಸರಿಯಾಗಿ ಕೂತಳು. "ಒಗದಾಗ ಬಣ್ಣ ಬಿಡ್ತು ನೋಡ. ಬಕೀಟ ತುಂಬ ನೇರಳೆ."

"ಹೂಂ."

ಒಳಗಿನಿಂದ ಬಿಳಿ ಪಟಗದವನ ದನಿ ಬಂತು. ಅವನು ಜೋರಾಗಿ ಮಾತಾಡಲಿಲ್ಲ. "ಆ ಹುಡುಗಿ ಮಣ್ಣಿನ ನೆರಳು ಉದುರಿ ಹೋದ ಮೇಲೆ ಒಂದು ಮನೆಯ ಮುಂದೆ ಬಂದು ನಿಂತಳು," ಎಂದ. "ಬಾಗಿಲು ಮುಚ್ಚಿತ್ತು. ಬಾಗಿಲ ಕೆಳಗಿನ ಸಂದಿಯಿಂದ ಒಂದು ನೆರಳು ಹೊರಗೆ ಚಾಚಿತ್ತು. ಅವಳು ಕೈ ಎತ್ತಿದರೆ ಅದೂ ಎತ್ತಿತು. ಅವಳು ತಲೆ ವಾಲಿಸಿದರೆ ಅದೂ ವಾಲಿಸಿತು."

ಕಸ್ತೂರಿಯ ಗಂಟಲಿನಲ್ಲಿ ಹೂಂ ಎದ್ದು ನಿಂತಿತು. ಅದು ಅವಳ ಮಾತೇ ಕೇಳುವುದಿಲ್ಲ, ಹುಟ್ಟಿನಿಂದ ಬಂದದ್ದು. ತುಟಿ ಬಿಗಿದಳು.

"...ನಾಕ ಬಳಿ ಕೊಡತೇನಿ ಅಂದಿದ್ದಳವ್ವಾ ನಾದಿನಿ," ಎನ್ನುತ್ತಿದ್ದಳು ಸೀರೆಯವಳು. "ಕೊಡೂ ಮುಂದ ಮೂರ ಅಂದ್ಲು!"

"ಹೂಂ. ಮೂರ?"

"ಮೂರ! ನೀನಾದ್ರೂ ಕೇಳಿದಿಯಲ್ಲ. ಇರು, ಒಳಗ ಬಂದು ಹೇಳತೇನಿ." ಅವಳು ಗೋಡೆ ಹಿಡಿದು ಎದ್ದಳು. ಹಿಡಿದಲ್ಲೆಲ್ಲ ಅಂಗೈಯ ನೇರಳೆ ಅಚ್ಚು ಬಿತ್ತು. ಆ ಕೋಣೆಗೆ ಹೋಗಿ ಸೊಂಟದ ಮಾತು, ಈ ಕೋಣೆಗೆ ಬಂದು ಮತ್ತೆ ಬಳೆಯ ಮಾತು. ಹೋದಲ್ಲೆಲ್ಲ ಗೋಡೆ ಒರಸಿದಳು, ತೊಟ್ಟಿಲು ಹಿಡಿದಳು, ಕಂಬಕ್ಕೆ ಆತುಕೊಂಡಳು. ಮನೆಯೆಲ್ಲ ಕಲೆಯಾಯಿತು. ಆದರೆ ಗೋಡೆ ಉದುರುವುದು ನಿಂತಿತು. ಗೂಡಿನಲ್ಲಿ ಎಣ್ಣೆ ನಿಂತಲ್ಲೇ ನಿಂತಿತು.

ಬಿಳಿ ಪಟಗದವನಿಗೆ ಕೂಡಲು ಜಾಗ ಕಡಿಮೆಯಾಗುತ್ತಿತ್ತು. ಅವನು ಮೂಲೆಗೆ ಸರಿದ, ಆಕಳಿಸಿದ. ಆದರೂ ಕಸ್ತೂರಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ಅವಳು ಚಿಲಕಕ್ಕೆ ಕೈ ಹಚ್ಚಿದಳು. ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು. ಆ ಹೆಸರು ಏನು ಗೊತ್ತೇನು?"

ಕಾಯ್ದ. ಒಂದು ಹೂಂ. ಒಂದೇ ಒಂದು, ತುಟಿ ತೆರೆಯದೆ ಅಂದರೂ ಸಾಕು. ಕಸ್ತೂರಿಯ ಮೈಯೆಲ್ಲ ಆ ಹೆಸರಿಗಾಗಿ ನೆಟ್ಟಗಾಯಿತು. ಈಗ ಕೇಳದಿದ್ದರೆ ಇನ್ನು ಯಾರೂ ಅದನ್ನು ಹೇಳುವವರಿಲ್ಲ ಎಂದು ನಿದ್ದೆಯ ಆಳದಲ್ಲೂ ಅವಳಿಗೆ ತಿಳಿದಿತ್ತು. ಗಾಜಿನ ಕೋಣೆಯಲ್ಲಿ ಗುರುಪಾದನ ಪರದೆಯ ಮೇಲೆ ಗೆರೆಗಳೆರಡೂ ಒಂದೇ ಎತ್ತರಕ್ಕೆ ಬಂದು ನಡುಗುತ್ತಿದ್ದವು. ಜಬೀನ್ ಮೇಡಂ ದುಪಟ್ಟಾದ ತುದಿ ಕಚ್ಚಿ ನಿಂತಿದ್ದರು. ಹೊರಸಿನ ಮೇಲೆ ಮಲಗಿದವಳ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಹಿಂದೆ ಹೋಯಿತು.

ಕನಸಿನಲ್ಲಿ ಕಸ್ತೂರಿ ಅವನಿಗೆ ಬೆನ್ನು ತಿರುಗಿಸಿದಳು. "ಹೂಂ ಅಕ್ಕಾ," ಎಂದಳು ಸೀರೆಯವಳಿಗೆ. "ನಾಕ ಬಳಿ ಅಂದು ಮೂರ ಕೊಟ್ಲು. ಮುಂದ?"

"ಮುಂದೇನ, ಸೊಂಟ ನೋವು!" ಎಂದಳು ಆಕೆ ಖುಷಿಯಿಂದ.

"ಹೂಂ."

ಕತೆಗಾರನ ಗದ್ದ ಎದೆಗೆ ತಾಗಿತು. ಪಟಗ ಜಾರಿತು. ಅವನು ನಿದ್ದೆ ಹೋದ.

ನೇರಳೆ ಸೀರೆಯವಳ ಗೊಣಗಾಟ ಮುಗಿಯಲೇ ಇಲ್ಲ. ಒಂದೊಂದೇ ತೊಟ್ಟಿಲು, ಆ ಗೊಣಗಾಟಕ್ಕೋ ಕಸ್ತೂರಿಯ ಹೂಂಕಾರಕ್ಕೋ, ತಾನಾಗಿ ತೂಗತೊಡಗಿತು.

ಎದ್ದಾಗ ಅವಳ ಗಂಟಲು ಒಣಗಿತ್ತು. ಗುರುಪಾದ ನೀರು ಕೊಟ್ಟ. ಚೇಷ್ಟೆ ಮಾಡಲಿಲ್ಲ. ಮೇಡಂ ಕಾಳುಗಳನ್ನು ಹೂವಿನಂತೆ ಎತ್ತಿ ಮರಳಿನ ತಟ್ಟೆಗಳಿಗೆ ಊರಿದರು. ಆ ಮೇಲಿನ ದಿನಗಳಲ್ಲಿ ಕೇಂದ್ರದಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಮಾದೇವಿ ಒಂದು ಸಂಜೆ ನೆರಳಿಲ್ಲದ ಹುಡುಗಿ ಏನಾದಳೆಂದು ಕೇಳಿದಳು. "ಬಾಗಿಲ ಮುಂದ ನಿಂತಾಳ," ಎಂದಳು ಕಸ್ತೂರಿ. "ಎಷ್ಟ ಹೊತ್ತ ನಿಂದರತಾಳ?" ಎಂದಳು ಮಾದೇವಿ. ಕಸ್ತೂರಿ ಎದ್ದು ಹಿತ್ತಲಿಗೆ ಹೋದಳು.

ಮೊದಲ ಮೋಡ ಕಟ್ಟಿದ ಬೆಳಿಗ್ಗೆ ಮೇಡಂ ಅವಳನ್ನು ತಟ್ಟೆಗಳ ಕೋಣೆಗೆ ಕರೆದರು. ಮರಳು ಅಲ್ಲಲ್ಲಿ ಬಿರಿದಿತ್ತು. ಬಿರುಕಿನಿಂದ ಬಿಲ್ಲಿನಂತೆ ಬಾಗಿದ ಬಿಳಿ ಕಾಂಡಗಳು ಎದ್ದಿದ್ದವು. ಕೆಲವು ಆಗಲೇ ನೆಟ್ಟಗಾಗಿ ಎರಡು ದಪ್ಪ ಬೇಳೆ ತೆರೆದಿದ್ದವು. ಎಲ್ಲವೂ ಏಳಲಿಲ್ಲ. ಆದರೆ ಎದ್ದವು ಒಂದು ಮಡಿ ತುಂಬುವಷ್ಟು ಇದ್ದವು. ಒಂದು ಮಡಿ ಮುಂದಿನ ಸಲ ಒಂದು ಹೊಲವಾಗುತ್ತದೆ. ಹೆಚ್ಚಿನವುಗಳ ಬೇಳೆಯ ಮೇಲೆ ನೇರಳೆ ಕಲೆ ಇತ್ತು, ಯಾರೋ ಒದ್ದೆ ಕೈಯಿಂದ ಹಿಡಿದು ಎಬ್ಬಿಸಿದಂತೆ.

ಇಬ್ಬರೂ ತಟ್ಟೆಯ ಮೇಲೆ ಬಾಗಿ ನೋಡಿದರು. ಜಬೀನ್ ಮೇಡಂ ಅವರ ಕಣ್ಣು ಒಂದು ಸಸಿಯ ಮೇಲೆ ನಿಂತಿತು. ಅದರ ಕಲೆ ಎಲ್ಲಕ್ಕಿಂತ ಗಾಢವಾಗಿತ್ತು, ಸಾಲಿನ ಅಂದವನ್ನೇ ಕೆಡಿಸಿತ್ತು. ಅವರ ಕೈ ಮುಂದೆ ಹೋಯಿತು. ಹೆಬ್ಬೆರಳು ತೋರುಬೆರಳು ಕೂಡಿ ಚಿವುಟಲು ಸಜ್ಜಾದವು. ಅವರಿಗೇ ಗೊತ್ತಿರಲಿಲ್ಲ. ಬೆರಳಿಗೆ ಮಾತ್ರ ಗೊತ್ತಿತ್ತು.

ಕಸ್ತೂರಿ ಅವರ ಮಣಿಕಟ್ಟು ಹಿಡಿದಳು.

ಇಷ್ಟು ವರ್ಷದಲ್ಲಿ ಅವಳು ಮೇಡಂರನ್ನು ಮುಟ್ಟಿದವಳಲ್ಲ. ಮೇಡಂ ತಮ್ಮ ಬೆರಳನ್ನು ನೋಡಿಕೊಂಡರು, ಸಸಿಯನ್ನು ನೋಡಿದರು. ಕಿಟಕಿಯ ಹೊರಗೆ ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಮೇಡಂ ಕೈ ಬಿಡಿಸಿಕೊಳ್ಳಲಿಲ್ಲ.